"ನಂದು ಗಂಡಸಿನ ತಲೆ ಅಂತೆ ಮೇಡಂ": ಒಂದು ಆಪ್ತಸಲಹೆ ಪ್ರಕರಣ

ಮೊದಲ ದಿನ ಅವರು ಕೂತ ಕೂಡಲೇ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟರು. ನೋಡಿ ಅಂತಲೂ ಹೇಳಲಿಲ್ಲ. ತೆರೆದೆ. ಸ್ಕೇಲ್ ಇಟ್ಟು ಎಳೆದ ಗೆರೆಗಳು, ಪುಟಕ್ಕೆ ಮೂರು ಕಾಲಂ. ಒಂದರಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಡಾಕ್ಟರ್ ಹೇಳಿದ ಉತ್ತರ, ಕೊನೆಯದರಲ್ಲಿ 'ಮತ್ತೆ ಕೇಳಬೇಕು'. ಅಪ್ಪನ ಹೃದಯದ ಆಪರೇಷನ್‌ಗೆ ಮುಂಚೆ ಬರೆದದ್ದು. ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ, ರಕ್ತ ತೆಳು ಮಾಡುವ ಮಾತ್ರೆ ಯಾವತ್ತಿನಿಂದ ನಿಲ್ಲಿಸಬೇಕು, ಸಕ್ಕರೆ ಕಾಯಿಲೆ ಇರುವುದರಿಂದ ಗಾಯ ಒಣಗಲು ಜಾಸ್ತಿ ದಿನ ಬೇಕಾ, ರಾತ್ರಿ ಮನೆಯವರೊಬ್ಬರು ಒಳಗೆ ಇರಬಹುದಾ. ಹೀಗೆ 41 ಪ್ರಶ್ನೆಗಳು. ಎಲ್ಲಕ್ಕೂ ನಂಬರ್. ಉತ್ತರ ಸಿಕ್ಕಿದ್ದರ ಪಕ್ಕ ಸಣ್ಣದೊಂದು ಟಿಕ್.

"ಇದನ್ನ ಬರೀತಾ ಕೂತಿದ್ದೆ ಮೇಡಂ. ಪಕ್ಕದಲ್ಲೇ ನನ್ನ ತಮ್ಮ ಅಳ್ತಾ ಇದ್ದ. ಚಿಕ್ಕಮ್ಮ ಎಲ್ಲರ ಮುಂದೆ ಅಂದ್ರು, ಇವಳಿಗೆ ಕರುಳೇ ಇಲ್ಲ, ಇವಳದು ಗಂಡಸಿನ ತಲೆ ಅಂತ. ಈಗ ನಂಗೂ ಹಾಗೇ ಅನ್ಸ್ತಿದೆ. ಇದನ್ನ ಸರಿ ಮಾಡ್ಕೊಳ್ಳೋದು ಹೇಗೆ?"

ಅವರನ್ನು ಇಲ್ಲಿ ವಸುಧಾ ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ಕೆಲಸ, ವಯಸ್ಸು, ಕಾಯಿಲೆಯ ವಿವರ ಎಲ್ಲವನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರೂ ಅವರ ತಮ್ಮನೂ ಒಪ್ಪಿದ್ದಾರೆ, ಬರೆದದ್ದನ್ನು ಮೊದಲು ಅವರಿಗೇ ಓದಲು ಕೊಟ್ಟಿದ್ದೇನೆ.

ವಸುಧಾಗೆ 36 ವರ್ಷ. ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸ. ಅಪ್ಪನ ಆಪರೇಷನ್ ಚೆನ್ನಾಗಿಯೇ ಆಗಿತ್ತು, ಅವರು ಮನೆಗೂ ಬಂದಿದ್ದರು. ಆದರೆ ಎರಡು ತಿಂಗಳಿಂದ ಇವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಆಸ್ಪತ್ರೆಯಲ್ಲಿ ತಾನು ಆಡಿದ ಒಂದೊಂದು ಮಾತನ್ನೂ ರಾತ್ರಿ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದರು. ಖಿನ್ನತೆ ಇದೆಯಾ ಅಂತ ಮೊದಲು ನೋಡಿದೆ. ಹಸಿವು, ಕೆಲಸದಲ್ಲಿ ಆಸಕ್ತಿ, ಸಾಯುವ ಯೋಚನೆ, ಎಲ್ಲವನ್ನೂ ಕೇಳಿದೆ. ಆ ಮಟ್ಟಕ್ಕೆ ಹೋಗಿರಲಿಲ್ಲ. ನಿದ್ದೆ ಇನ್ನೂ ಹೀಗೇ ಇದ್ದರೆ ಮನೋವೈದ್ಯರನ್ನು ಕಾಣಬೇಕಾಗುತ್ತದೆ ಅಂತ ಹೇಳಿಟ್ಟೆ.

ಇನ್ನೊಂದನ್ನೂ ನೇರವಾಗಿ ಕೇಳಿದೆ. "ನೀವು ಹೆಣ್ಣು ಅನ್ನೋದೇ ನಿಮಗೆ ಹೊಂದಿಕೆ ಆಗ್ತಿಲ್ವಾ? ಅಥವಾ ಹೆಣ್ಣಾಗಿ ನೀವು ಸಾಲದು ಅನ್ನಿಸ್ತಿದೆಯಾ?" ಇವೆರಡೂ ಬೇರೆ ಬೇರೆ. ಮೊದಲನೆಯದು ಲಿಂಗ ಗುರುತಿನ ಪ್ರಶ್ನೆ. ಅದಾಗಿದ್ದರೆ ನಮ್ಮ ಮಾತು ಇನ್ನೊಂದು ದಾರಿಯಲ್ಲಿ, ಅಷ್ಟೇ ಗೌರವದಿಂದ ಹೋಗುತ್ತಿತ್ತು. ಅವರು ತಡಮಾಡದೆ ಹೇಳಿದರು, "ಎರಡನೇದು." ಅಂದರೆ ಇದು ಲಿಂಗ ಪಾತ್ರದ ಗುರುತಿನ ವಿಷಯ: ಸಮಾಜ ಗಂಡಿನದು, ಹೆಣ್ಣಿನದು ಅಂತ ಹಂಚಿಟ್ಟ ಗುಣಗಳಲ್ಲಿ ಯಾವುದನ್ನು, ಎಷ್ಟು ನಾನು ನನ್ನಲ್ಲಿ ಕಾಣುತ್ತೇನೆ ಅನ್ನುವುದು. ಯಾರ ಮೇಲೆ ಆಕರ್ಷಣೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಜನ ಈ ಮೂರನ್ನೂ ಒಂದೇ ಗಂಟು ಕಟ್ಟಿಬಿಡುತ್ತಾರೆ, ಹಾಗಾಗಿ ಬಿಡಿಸಿ ಹೇಳಬೇಕಾಯಿತು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅವರಿಗೆ ಮನೆಯಲ್ಲಿ ಮಾಡಲು ಒಂದು ಅಭ್ಯಾಸ ಕೊಟ್ಟೆ: ದಿನಕ್ಕೆ ಒಬ್ಬರ ಹತ್ತಿರವಾದರೂ ನಿಮ್ಮ ಮನಸ್ಸಿನ ಒಂದು ಭಾವನೆ ಹೇಳಿಕೊಳ್ಳಿ. ಮುಂದಿನ ವಾರ ಅವರು ಮತ್ತೆ ಅದೇ ನೋಟ್‌ಬುಕ್ ತಂದರು. ತಾರೀಖು, ಯಾರ ಹತ್ತಿರ, ಯಾವ ಭಾವನೆ, ಏನಾಯಿತು, ನಾಲ್ಕು ಕಾಲಂ. ಕೊನೆಯ ಕಾಲಂನಲ್ಲಿ ಏಳು ದಿನವೂ ಒಂದೇ ಮಾತು, 'ಏನೂ ಆಗಲಿಲ್ಲ'. ನಾನು ಆ ಪುಟವನ್ನು ಸುಮಾರು ಹೊತ್ತು ನೋಡುತ್ತಾ ಕೂತೆ. ಇದೇ ನೋಟ್‌ಬುಕ್ ಹಿಡಿದು ಒಬ್ಬ ಗಂಡಸು ಬಂದಿದ್ದರೆ ನಾನು ಇದೇ ಅಭ್ಯಾಸ ಕೊಡುತ್ತಿದ್ದೆನಾ? ಇಲ್ಲ. ಎಂಥ ಕಷ್ಟದಲ್ಲೂ ತಲೆ ತಣ್ಣಗೆ ಇಟ್ಟುಕೊಂಡಿದ್ದೀರಿ ಅನ್ನುತ್ತಿದ್ದೆ, ನಿದ್ದೆಯ ಬಗ್ಗೆ ಮಾತ್ರ ಮಾತಾಡುತ್ತಿದ್ದೆ. ಚಿಕ್ಕಮ್ಮ ಬಾಯಿಬಿಟ್ಟು ಅಂದಿದ್ದನ್ನು ನಾನು ಸಲಹೆಯ ರೂಪದಲ್ಲಿ ಕೊಟ್ಟಿದ್ದೆ, ಅಷ್ಟೇ. ಅವರಿಗೆ ಇದನ್ನು ಹೇಳಿದೆ, ಕ್ಷಮೆ ಕೇಳಿದೆ. ಅವರು ಪೆನ್ನು ತೆಗೆದು ಆ ಪುಟಕ್ಕೆ ಅಡ್ಡ ಗೆರೆ ಎಳೆದರು. ನಮ್ಮ ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ.

ಆವತ್ತೇ ಅವರಿಗೆ ಒಂದಿಷ್ಟು ಹಿಂದಿನ ಕಥೆ ಹೇಳಿದೆ. ಕಾರಣ ತಿಳಿಯದೆ ಯಾವುದನ್ನೂ ಒಪ್ಪುವವರಲ್ಲ ಅವರು, ಮತ್ತು ಅದು ಅವರ ಒಳ್ಳೆಯ ಗುಣ.

1936ರಲ್ಲಿ ಲೂಯಿಸ್ ಟರ್ಮನ್ ಮತ್ತು ಕ್ಯಾಥರೀನ್ ಕಾಕ್ಸ್ ಮೈಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಗಂಡುತನ, ಹೆಣ್ಣುತನವನ್ನು ಅಳೆಯುವ ಒಂದು ಪರೀಕ್ಷೆ ಹೊರತಂದರು. ಅದರ ಲೆಕ್ಕದಲ್ಲಿ ಇರುವುದು ಒಂದೇ ಹಗ್ಗ. ಒಂದು ತುದಿಯಲ್ಲಿ ಗಂಡುತನ, ಇನ್ನೊಂದು ತುದಿಯಲ್ಲಿ ಹೆಣ್ಣುತನ. ಒಂದರ ಕಡೆ ಒಂದು ಹೆಜ್ಜೆ ಇಟ್ಟರೆ ಇನ್ನೊಂದರಿಂದ ಒಂದು ಹೆಜ್ಜೆ ದೂರ. ಸುಮಾರು ನಾಲ್ಕು ದಶಕ ಈ ಹಗ್ಗವೇ ನಡೆಯಿತು. 1973ರಲ್ಲಿ ಆ್ಯನ್ ಕಾನ್‌ಸ್ಟಾಂಟಿನೋಪಲ್ ಎಂಬ ಮನಶ್ಶಾಸ್ತ್ರಜ್ಞೆ ಇದಕ್ಕೆ ಆಧಾರ ಎಲ್ಲಿ ಅಂತ ಕೇಳಿದರು. ಮರುವರ್ಷ, 1974ರಲ್ಲಿ, ಸಾಂಡ್ರಾ ಬೆಮ್ ಹೊಸ ಪ್ರಶ್ನಾವಳಿ ಮಾಡಿದರು. ಅದರಲ್ಲಿ 60 ಗುಣಗಳು: 20 ಗಂಡಿನವು ಅಂತ ಜನ ಎಣಿಸಿದ್ದು, 20 ಹೆಣ್ಣಿನವು ಅಂತ ಎಣಿಸಿದ್ದು, 20 ಯಾರಿಗೂ ಸೇರದ್ದು. ಪ್ರತಿಯೊಂದೂ ನನಗೆ ಎಷ್ಟು ಒಪ್ಪುತ್ತದೆ ಅಂತ 1ರಿಂದ 7ರವರೆಗೆ ಅಂಕ ಹಾಕಿಕೊಳ್ಳಬೇಕು. ಇಲ್ಲಿ ಎರಡು ಹಗ್ಗ. ಎರಡರಲ್ಲೂ ಮುಂದೆ ಇರಬಹುದು, ಎರಡರಲ್ಲೂ ಹಿಂದೆ ಇರಬಹುದು, ಒಂದರಲ್ಲಿ ಮಾತ್ರ ಮುಂದೆ ಇರಬಹುದು.

ಯೋಚಿಸುವ ರೀತಿಯ ವಿಷಯದಲ್ಲೂ ನಾವು ಸಾಮಾನ್ಯವಾಗಿ ಮಾಡುವ ತಪ್ಪು ಇದೇ ಅಲ್ವಾ? ತಲೆ ಒಂದು ತುದಿ, ಹೃದಯ ಇನ್ನೊಂದು ತುದಿ. ತಲೆ ಜಾಸ್ತಿ ಇದ್ದರೆ ಹೃದಯ ಕಡಿಮೆ. ಸೀಮೋರ್ ಎಪ್‌ಸ್ಟೈನ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿದ್ದು, ಬಿಡಿಸಿ ತರ್ಕ ಮಾಡುವ ರೀತಿ ಮತ್ತು ಅನುಭವದಿಂದ ಥಟ್ಟನೆ ಹೊಳೆಯುವ ರೀತಿ ಎರಡು ಬೇರೆ ಬೇರೆ ವ್ಯವಸ್ಥೆಗಳು, ಒಬ್ಬರಲ್ಲಿ ಎರಡೂ ಬಲವಾಗಿರಬಹುದು ಅಂತ. ಇಲ್ಲೂ ಎರಡು ಹಗ್ಗ. ಆದರೆ ನಮ್ಮ ಮನೆಗಳಲ್ಲಿ ಈಗಲೂ ಗಂಡು-ಹೆಣ್ಣಿನ ಹಳೆಯ ಹಗ್ಗವನ್ನೂ ತಲೆ-ಹೃದಯದ ಹಳೆಯ ಹಗ್ಗವನ್ನೂ ಒಟ್ಟಿಗೆ ಹೊಸೆದು ಇಟ್ಟಿದ್ದೇವೆ. ತಲೆ ಅಂದರೆ ಗಂಡಸು, ಹೃದಯ ಅಂದರೆ ಹೆಂಗಸು. ವಸುಧಾ ಸಿಕ್ಕಿಕೊಂಡಿದ್ದು ಆ ಗಂಟಿನಲ್ಲಿ.

ಹೇಳಿದ್ದು ಸಾಲದು ಅನ್ನಿಸಿತು. ಬೆಮ್ ಅವರ ಪಟ್ಟಿಯಿಂದ ಕೆಲವು ಗುಣಗಳನ್ನು ಕನ್ನಡದಲ್ಲಿ ಸಣ್ಣ ಸಣ್ಣ ಚೀಟಿಗಳ ಮೇಲೆ ಬರೆದು, ಯಾವುದು ಯಾವ ಪಟ್ಟಿಯದು ಅಂತ ಹೇಳದೆ, ಮೇಜಿನ ಮೇಲೆ ಹರಡಿದೆ. ಪರೀಕ್ಷೆ ಅಂತ ಅಲ್ಲ, ಅಂಕ ಹಾಕಲೂ ಇಲ್ಲ. "ಇದು ನಾನು ಅನ್ನಿಸಿದ್ದು ಎಡಕ್ಕೆ, ಅಲ್ಲ ಅನ್ನಿಸಿದ್ದು ಬಲಕ್ಕೆ" ಅಂದೆ. ಅವರು ತುಂಬಾ ನಿಧಾನವಾಗಿ ಆರಿಸಿದರು. 'ಸ್ವಂತ ಬಲದ ಮೇಲೆ ನಿಲ್ಲುವವರು' ಎಡಕ್ಕೆ. 'ವಿಶ್ಲೇಷಿಸುವವರು' ಎಡಕ್ಕೆ. 'ನಿಷ್ಠೆ ಇರುವವರು' ಎಡಕ್ಕೆ. 'ಇನ್ನೊಬ್ಬರ ಅಗತ್ಯ ಗಮನಿಸುವವರು' ಅನ್ನುವ ಚೀಟಿಯನ್ನು ಬಲಕ್ಕೆ ಇಟ್ಟರು, ತೆಗೆದು ಎಡಕ್ಕೆ ಇಟ್ಟರು, ಮತ್ತೆ ತೆಗೆದು ಮಧ್ಯದಲ್ಲಿ ಇಟ್ಟು ಬೆರಳು ಅದರ ಮೇಲೇ ಇಟ್ಟುಕೊಂಡು ಕೂತರು.

ಆಮೇಲೆ ಯಾವುದು ಯಾರ ಪಟ್ಟಿಯದು ಅಂತ ಹೇಳಿದೆ. ನಿಷ್ಠೆ ಹೆಣ್ಣಿನ ಪಟ್ಟಿಯಲ್ಲಿದೆ. ಇನ್ನೊಬ್ಬರ ಅಗತ್ಯ ಗಮನಿಸುವುದು ಹೆಣ್ಣಿನ ಪಟ್ಟಿಯಲ್ಲಿದೆ. ವಿಶ್ಲೇಷಣೆ ಮತ್ತು ಸುಲಭವಾಗಿ ನಿರ್ಧಾರ ಮಾಡುವುದು ಗಂಡಿನ ಪಟ್ಟಿಯಲ್ಲಿದೆ.

"ವಿಶ್ಲೇಷಣೆ ಗಂಡಿನದಾ? ಯಾರು ಬರ್ದಿದ್ದು?"

ಇದೇ ಪ್ರಶ್ನೆ ಬರಲಿ ಅಂತ ನಾನು ಕಾಯುತ್ತಿದ್ದೆ. ಬೆಮ್ 1970ರ ದಶಕದ ಆರಂಭದಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿದ್ದು ಗಂಡಸರು ಹೇಗಿದ್ದಾರೆ, ಹೆಂಗಸರು ಹೇಗಿದ್ದಾರೆ ಅಂತ ಅಲ್ಲ. ಈ ಗುಣ ಗಂಡಸಿನಲ್ಲಿದ್ದರೆ ಸಮಾಜ ಎಷ್ಟು ಮೆಚ್ಚುತ್ತದೆ, ಹೆಂಗಸಿನಲ್ಲಿದ್ದರೆ ಎಷ್ಟು ಮೆಚ್ಚುತ್ತದೆ ಅಂತ. ಹಾಗಾಗಿ ಆ ಪಟ್ಟಿ ಒಂದು ಕಾಲದ ನಿರೀಕ್ಷೆಯ ಫೋಟೋ. ನಮ್ಮ ತಲೆಯೊಳಗಿನ ಎಕ್ಸ್‌ರೇ ಅಂತ ಅದನ್ನು ಓದಬಾರದು.

ಇದರಿಂದ ಇನ್ನೊಂದು ಎಚ್ಚರಿಕೆಯೂ ಬೇಕಾಗುತ್ತದೆ, ಈ ವಿಷಯ ಓದುವವರು ಇದನ್ನು ಸುಮ್ನೆ ದಾಟಿ ಹೋಗಬಾರದು. ಗಂಡುತನದ ಅಂಕ ಜಾಸ್ತಿ ಇರುವವರು ವಿಶ್ಲೇಷಣೆಯ ರೀತಿಯನ್ನು ಜಾಸ್ತಿ ಇಷ್ಟಪಡುತ್ತಾರೆ ಅಂತ ಎಲ್ಲಾದರೂ ಓದಿದರೆ, ಆ ಗಂಡುತನದ ಅಂಕದೊಳಗೇ ವಿಶ್ಲೇಷಣೆ ಒಂದು ಪ್ರಶ್ನೆಯಾಗಿ ಕೂತಿದೆ ಅನ್ನುವುದು ನೆನಪಿರಲಿ. ಒಂದೇ ವಿಷಯವನ್ನು ಎರಡು ಸಲ ಕೇಳಿ ಎರಡಕ್ಕೂ ಸಂಬಂಧ ಇದೆ ಅಂದ ಹಾಗೆ ಆಗುತ್ತದೆ. ಬೆಮ್ ಅವರ ಕಾಲದಲ್ಲೇ ಇಂಥದ್ದೇ ಇನ್ನೊಂದು ಪ್ರಶ್ನಾವಳಿ ಮಾಡಿದ ಜಾನೆಟ್ ಸ್ಪೆನ್ಸ್ ಮುಂದೆ ಹೇಳಿದ್ದೂ ಹತ್ತಿರದ ಮಾತು. ಈ ಪ್ರಶ್ನಾವಳಿಗಳು ಅಳೆಯುವುದು ಗುರಿ ಹಿಡಿದು ಕೆಲಸ ಮುಗಿಸುವ ಗುಣ ಮತ್ತು ಭಾವ ಹಂಚಿಕೊಳ್ಳುವ ಗುಣ, ಅದಕ್ಕೆ ಗಂಡುತನ ಹೆಣ್ಣುತನ ಅಂತ ಹೆಸರಿಡುವುದು ಸರಿಯಲ್ಲ ಅಂತ. ಜಾನೆಟ್ ಹೈಡ್ 2005ರಲ್ಲಿ ಗಂಡು ಹೆಣ್ಣಿನ ಮಾನಸಿಕ ವ್ಯತ್ಯಾಸಗಳ ಬಗ್ಗೆ ಬಂದ 46 ಒಟ್ಟು-ವಿಶ್ಲೇಷಣೆಗಳನ್ನು (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕುವಂಥವು) ಒಂದೆಡೆ ಇಟ್ಟು ನೋಡಿದಾಗ 78 ಶೇಕಡಾ ವ್ಯತ್ಯಾಸಗಳು ಸಣ್ಣವು ಅಥವಾ ಸೊನ್ನೆಗೆ ಹತ್ತಿರ ಇದ್ದವು. ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತಮ್ಮ ಬಗ್ಗೆ ತಾವೇ ತುಂಬುವ ಪ್ರಶ್ನಾವಳಿಗಳಲ್ಲಿ ಹೆಂಗಸರು ಸರಾಸರಿಯಲ್ಲಿ ಒಳಮನಸ್ಸಿನ ಹೊಳಹನ್ನು ನಂಬುತ್ತೇವೆ ಅಂತ ಸ್ವಲ್ಪ ಜಾಸ್ತಿ ಹೇಳಿಕೊಂಡಿದ್ದುಂಟು. ಆದರೆ ಸರಾಸರಿ ಅನ್ನುವುದು ನನ್ನ ಎದುರು ಕುರ್ಚಿಯಲ್ಲಿ ಕೂತವರ ಬಗ್ಗೆ ಏನನ್ನೂ ಹೇಳುವುದಿಲ್ಲ.

ವಸುಧಾ ಇದನ್ನೆಲ್ಲ ಬರೆದುಕೊಂಡರು. ನಂಬರ್ ಹಾಕಿ.

ಆಮೇಲೆ ನಾನು ಕೇಳಿದೆ, "ನಿಮ್ಮ ತಲೆ ಗಂಡಸಿನದು ಅಂತ ಮೊದಲು ಹೇಳಿದ್ದು ಯಾರು? ಚಿಕ್ಕಮ್ಮನಾ?"

ಅವರು ಯೋಚಿಸಿದರು. ಅಪ್ಪ, ಅಂದರು. ವಸುಧಾಗೆ ಹನ್ನೊಂದೋ ಹನ್ನೆರಡೋ ವರ್ಷ ಇದ್ದಾಗ ತಮ್ಮನ ಸೈಕಲ್ಲಿನ ಚೈನು ಪದೇ ಪದೇ ಬೀಳುತ್ತಿತ್ತಂತೆ. ಅಂಗಳದಲ್ಲಿ ಕೂತು ಹಿಂದಿನ ಚಕ್ರವನ್ನೇ ಬಿಚ್ಚಿ, ಯಾವ ನಟ್ಟು ಎಲ್ಲಿಂದ ಬಂತು ಅಂತ ನೆಲದ ಮೇಲೆ ಬಳಪದಲ್ಲಿ ಗುರುತು ಮಾಡಿಕೊಂಡು, ಚಕ್ರ ಸ್ವಲ್ಪ ಓರೆಯಾಗಿ ಕೂತಿದ್ದೇ ಕಾರಣ ಅಂತ ಕಂಡುಹಿಡಿದು ಸರಿ ಮಾಡಿದರು. ಅಪ್ಪ ನೋಡಿ ತಲೆ ಸವರಿ, "ನೀನು ನಂಗೆ ಮಗ ಇದ್ದ ಹಾಗೆ ಕಣೇ" ಅಂದರು. ಆ ಮಾತು ಹೇಳುವಾಗ ವಸುಧಾ ಮುಖ ಅರಳಿತು. ಮರುಕ್ಷಣ ಬಾಡಿತು. ಅದೇ ಸಂಜೆ, ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತಾ ಬಂದ ತಮ್ಮನಿಗೆ ಅಪ್ಪ ಅಂದರಂತೆ, "ಹೆಣ್ಣುಡುಗಿ ಥರ ಅಳ್ಬೇಡ."

ಒಂದೇ ಮನೆ, ಒಂದೇ ಸಂಜೆ, ಒಂದು ಹೊಗಳಿಕೆ, ಒಂದು ಬೈಗುಳ. ಅಪ್ಪ ಕೆಟ್ಟವರಲ್ಲ. ಇಬ್ಬರನ್ನೂ ಪ್ರೀತಿಸುವವರು. ಆದರೆ ಮಗಳಿಗೆ ತಿಳಿದದ್ದು, ಚೆನ್ನಾಗಿ ಯೋಚನೆ ಮಾಡಿದರೆ ನಾನು ಮಗ. ಮಗನಿಗೆ ತಿಳಿದದ್ದು, ನೋವಾಗಿದ್ದನ್ನು ತೋರಿಸಿದರೆ ನಾನು ಮಗಳು. ಬೆಮ್ 1981ರಲ್ಲಿ ಇದಕ್ಕೇ ಒಂದು ಸಿದ್ಧಾಂತ ಕೊಟ್ಟರು. ಮಕ್ಕಳು ಬೆಳೆಯುತ್ತಾ ಗಂಡು-ಹೆಣ್ಣು ಅನ್ನುವ ಒಂದು ಜರಡಿ ಕಟ್ಟಿಕೊಳ್ಳುತ್ತಾರೆ, ಹೊರಗಿನದನ್ನೂ ತಮ್ಮನ್ನೂ ಅದರಲ್ಲೇ ಸೋಸುತ್ತಾರೆ, ಕೆಲವರಲ್ಲಿ ಆ ಜರಡಿ ತುಂಬಾ ಬಿಗಿ ಇರುತ್ತದೆ ಅಂತ.

ತಮ್ಮ ಬರಲು ಒಪ್ಪುತ್ತಾರಾ ಅಂತ ಕೇಳಿದೆ. ಬಂದರು. 31 ವರ್ಷ, ಮಾತು ಮೆತ್ತಗೆ. ಬಂದವರೇ ಅಕ್ಕನ ಪಕ್ಕದ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ಕೂತರು. ಆಸ್ಪತ್ರೆಯ ಬಗ್ಗೆ ಕೇಳಿದೆ. "ನಂಗೆ ಈ ಲೆಕ್ಕ, ರಿಪೋರ್ಟು ಇವೆಲ್ಲ ತಲೆಗೆ ಹೋಗಲ್ಲ ಮೇಡಂ. ನಿರ್ಧಾರ ಎಲ್ಲ ಅಕ್ಕಂಗೆ ಬಿಟ್ಟೆ. ಗಂಡಸಾಗಿ ಅಲ್ಲಿ ಅತ್ತೆ ಅಂತ ನಾಚಿಕೆ ಬೇರೆ." ರಾತ್ರಿ ಪೂರ್ತಿ ಅಪ್ಪನ ಪಾದ ಹಿಡಿದು ಕೂತಿದ್ದರಂತೆ. ಎರಡನೇ ರಾತ್ರಿ ಆ ಪಾದದ ಬೆರಳುಗಳು ಬಿಗಿಯುತ್ತಿದ್ದುದು ಕೈಗೆ ಗೊತ್ತಾಯಿತು. ಯಾವಾಗ ಬಿಗಿಯುತ್ತವೆ ಅಂತ ಗಮನಿಸಿದರು. ನರ್ಸ್ ಆಕ್ಸಿಜನ್ ಮಾಸ್ಕ್ ತಂದಾಗ. ಅಪ್ಪನಿಗೆ ಮಾಸ್ಕ್ ಅಂದರೆ ಉಸಿರು ಕಟ್ಟುವ ಭಯ, ಯಾರಿಗೂ ಹೇಳಿರಲಿಲ್ಲ. ಇವರು ನರ್ಸ್‌ಗೆ ಹೇಳಿ, ಅದನ್ನು ಮೊದಲು ಅಪ್ಪನ ಕೈಗೇ ಕೊಟ್ಟು, ಆಮೇಲೆ ಮುಖಕ್ಕೆ ಇಡುವ ಹಾಗೆ ಮಾಡಿದರು.

"ಇದು ವಿಶ್ಲೇಷಣೆ ಅಲ್ವಾ?" ಅಂತ ಕೇಳಿದೆ. ಏನೋ ಒಂದು ಬದಲಾವಣೆ ಗಮನಿಸಿದ್ದು, ಯಾವಾಗ ಆಗುತ್ತದೆ ಅಂತ ಹೋಲಿಸಿದ್ದು, ಕಾರಣ ಊಹಿಸಿದ್ದು, ಒಂದು ಉಪಾಯ ಮಾಡಿ ನೋಡಿದ್ದು. ಅವರಿಗೆ ನಂಬಲು ಆಗಲಿಲ್ಲ. ವಸುಧಾ ಮಾತ್ರ ತಕ್ಷಣ ತಲೆಯಾಡಿಸಿದರು. ಅವರ ದಿನದ ಕೆಲಸವೇ ಅದು.

ಆಮೇಲೆ ತಮ್ಮ ಅಕ್ಕನ ನೋಟ್‌ಬುಕ್ ಕೈಗೆ ತೆಗೆದುಕೊಂಡರು. ಅದುವರೆಗೂ ಅದನ್ನು ಓದಿರಲಿಲ್ಲವಂತೆ. ಒಂದೊಂದೇ ಪುಟ ತಿರುವಿದರು. ಕೊನೆಗೆ ತುಂಬಾ ಸಣ್ಣ ದನಿಯಲ್ಲಿ, "ಅಕ್ಕಾ, ಅಪ್ಪನ್ನ ಕೇಳಿದ್ದು ಒಂದೂ ಇಲ್ವಲ್ಲ" ಅಂದರು.

41 ಪ್ರಶ್ನೆ. ಎಲ್ಲವೂ ಡಾಕ್ಟರಿಗೆ. ಅಪ್ಪನಿಗೆ ಏನು ಬೇಕು, ಯಾವುದಕ್ಕೆ ಹೆದರಿದ್ದಾರೆ, ಆಪರೇಷನ್ ಮಾಡಿಸಿಕೊಳ್ಳಲು ಮನಸ್ಸಿದೆಯಾ, ಯಾರೂ ಕೇಳಿರಲಿಲ್ಲ. ವಸುಧಾ ಅತ್ತದ್ದು ಆಗ. ಅವರು ನೋಟ್‌ಬುಕ್ಕನ್ನು ತಮ್ಮನ ಕೈಯಿಂದ ತೆಗೆದುಕೊಳ್ಳಲಿಲ್ಲ, ಅವನ ಕೈಯಲ್ಲೇ ಇರಲಿ ಅಂತ ಬಿಟ್ಟರು.

ನಾನು ಈ ಪ್ರಕರಣ ಬರೆಯಲು ಕಾರಣವೂ ಇದೇ. ಹಣೆಪಟ್ಟಿಯಿಂದ ಮನಸ್ಸಿಗೆ ನೋವಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದು ಯೋಚನೆಯ ಕೆಲಸವನ್ನೂ ಹಂಚಿಬಿಡುತ್ತದೆ ಅನ್ನುವುದು ಅಷ್ಟಾಗಿ ಕಾಣುವುದಿಲ್ಲ. ನೀನು ತಲೆ, ನೀನು ಹೃದಯ ಅಂತ ಚಿಕ್ಕಂದಿನಲ್ಲೇ ಹಂಚಿಕೊಟ್ಟ ಮನೆಯಲ್ಲಿ, ಅಪ್ಪನ ಜೀವದ ಪ್ರಶ್ನೆ ಬಂದಾಗ ಅಕ್ಕನ ಪಟ್ಟಿಯಲ್ಲಿ ಅಪ್ಪನೇ ಇರಲಿಲ್ಲ, ಅಪ್ಪನನ್ನು ಅಷ್ಟು ಚೆನ್ನಾಗಿ ಬಲ್ಲ ತಮ್ಮ ನಿರ್ಧಾರದ ಕೋಣೆಯಲ್ಲೇ ಇರಲಿಲ್ಲ. ಇಬ್ಬರಿಗೂ ಸಾಮರ್ಥ್ಯ ಇತ್ತು. ಅದು ನನ್ನದಲ್ಲ ಅಂತ ಇಬ್ಬರೂ ಬದಿಗಿಟ್ಟಿದ್ದರು.

ಇಲ್ಲಿ ರಾಬರ್ಟ್ ಸ್ಟರ್ನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರ ಮಾತು ನನಗೆ ಕೆಲಸಕ್ಕೆ ಬಂತು. ಆಲೋಚನಾ ಶೈಲಿ ಅಂದರೆ ಸಾಮರ್ಥ್ಯ ಅಲ್ಲ, ಇರುವ ಸಾಮರ್ಥ್ಯವನ್ನು ಬಳಸಲು ನಾವು ಇಷ್ಟಪಡುವ ರೀತಿ ಅನ್ನುತ್ತಾರೆ ಅವರು. ಅವರು 13 ಶೈಲಿಗಳನ್ನು ಹೇಳುತ್ತಾರೆ, ಒಂದು ಸರ್ಕಾರ ನಡೆಯುವ ಹಾಗೆ: ಕೆಲವರಿಗೆ ಹೊಸ ನಿಯಮ ಮಾಡುವುದು ಇಷ್ಟ, ಕೆಲವರಿಗೆ ಇರುವ ನಿಯಮವನ್ನು ಸರಿಯಾಗಿ ನಡೆಸುವುದು, ಕೆಲವರಿಗೆ ತೂಗಿ ನೋಡಿ ತೀರ್ಪು ಕೊಡುವುದು. ಕೆಲವರು ವಿವರಕ್ಕೆ ಇಳಿಯುತ್ತಾರೆ, ಕೆಲವರು ದೂರ ನಿಂತು ಪೂರ್ತಿ ಚಿತ್ರ ನೋಡುತ್ತಾರೆ. ಒಬ್ಬರಲ್ಲಿ ಹಲವು ಶೈಲಿಗಳು ಇರುತ್ತವೆ, ಕೆಲಸಕ್ಕೆ ತಕ್ಕ ಹಾಗೆ ಬದಲಾಗುತ್ತವೆ, ಕಲಿಯಲೂಬಹುದು. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಈ ಕೊನೆಯ ಮಾತು. ಹುಟ್ಟಿನಿಂದ ಬಂದು ಹಾಗೇ ಉಳಿಯುವುದಾಗಿದ್ದರೆ ನಾನು ಸಲಹೆ ಕೊಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಇನ್ನು ಕೊಟ್ಟ ಸಲಹೆಗಳು.

ವಸುಧಾಗೆ ಮೊದಲು ಹೇಳಿದ್ದು, ನೋಟ್‌ಬುಕ್ ಬಿಡಬೇಡಿ. ಅದರಲ್ಲಿ ಸರಿ ಮಾಡುವಂಥದ್ದು ಏನೂ ಇಲ್ಲ. ರಕ್ತ ತೆಳು ಮಾಡುವ ಮಾತ್ರೆಯ ಪ್ರಶ್ನೆ ಕೇಳದೆ ಹೋಗಿದ್ದರೆ ಏನಾಗುತ್ತಿತ್ತೋ. ಹಾಗಂತ ಸುಮ್ನೆ ಬೆನ್ನು ತಟ್ಟಿ ಕಳಿಸಲೂ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮ "ಅಪ್ಪ ಉಳೀತಾರಾ ಅಕ್ಕಾ?" ಅಂದಾಗ ಇವರು ಡಾಕ್ಟರ್ ಹೇಳಿದ ಶೇಕಡಾ ಲೆಕ್ಕ ಒಪ್ಪಿಸಿದ್ದರು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅವನು ಕೇಳಿದ್ದು ಅದನ್ನಲ್ಲ. ಇನ್ನು ಮುಂದೆ ಉತ್ತರ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ ಅಂದೆ: "ನಿಂಗೆ ವಿಷ್ಯ ಬೇಕಾ, ಇಲ್ಲಾ ನಾನು ಸುಮ್ನೆ ಪಕ್ಕದಲ್ಲಿ ಇರ್ಬೇಕಾ?" ಪ್ರಶ್ನೆ ಕೇಳುವುದು ಅವರಿಗೆ ಸಲೀಸು. ಹಾಗಾಗಿ ಅವರ ರೀತಿಯಲ್ಲೇ ಇದು ಅವರಿಗೆ ಸಾಧ್ಯ ಆಗುತ್ತದೆ. ಹೆಣ್ಣಾಗಿ ಕಾಣಲಿ ಅಂತ ನಾನು ಇದನ್ನು ಹೇಳಲಿಲ್ಲ, ಗಂಡಸಾಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಆಮೇಲೆ ಇಬ್ಬರಿಗೂ ಎರಡು ವಾರದ ಡೈರಿ. ದಿನಕ್ಕೆ ಒಂದೆರಡು ನಿರ್ಧಾರ ಬರೆಯಿರಿ, ದೊಡ್ಡದೇ ಆಗಬೇಕಿಲ್ಲ. ಹೇಗೆ ನಿರ್ಧಾರ ಮಾಡಿದಿರಿ? ಲೆಕ್ಕ ಹಾಕಿಯಾ, ಥಟ್ಟನೆ ಅನ್ನಿಸಿದ್ದಕ್ಕಾ, ಯಾರನ್ನಾದರೂ ಕೇಳಿಯಾ? ಕೊನೆಗೆ ಇನ್ನೊಂದು ಕಾಲಂ: ಆಗ ಯಾರು ನೋಡುತ್ತಿದ್ದರು? ಈ ಕೊನೆಯ ಕಾಲಂ ಇಬ್ಬರಿಗೂ ಕಣ್ಣು ತೆರೆಸಿತು. ಒಂದು ದಿನ ವಸುಧಾ ಬರೆದಿದ್ದರು: ಕೆಲಸದಲ್ಲಿ ಒಂದು ಮೆಷಿನ್ ಪಕ್ಕ ಹಾದು ಹೋಗುವಾಗಲೇ ಸದ್ದು ಸರಿಯಿಲ್ಲ ಅನ್ನಿಸಿತು. ಆದರೆ ಹಾಗಂತ ಹೇಳಲಿಲ್ಲ, ಜೊತೆಗಿದ್ದವರೆಲ್ಲ ಗಂಡಸರು. ಎರಡು ಗಂಟೆ ಅಳತೆಗಳನ್ನು ಕಲೆಹಾಕಿ, ಅಂಕಿ ಕೈಗೆ ಬಂದ ಮೇಲೆ ಹೇಳಿದರು. ಅಂದರೆ ಒಳಹೊಳಹು ಅವರಲ್ಲೂ ಇದೆ, ಚೆನ್ನಾಗಿಯೇ ಇದೆ. ಅದನ್ನು ಹೇಳಿದರೆ 'ಹೆಂಗಸರ ಅನಿಸಿಕೆ' ಅಂತ ತಳ್ಳಿಹಾಕುತ್ತಾರೆ ಅಂತ ಅಂಕಿಯ ಹಿಂದೆ ಬಚ್ಚಿಟ್ಟಿದ್ದರು. ಮುಂದಿನ ಸಲ ಎರಡನ್ನೂ ಒಟ್ಟಿಗೆ ಹೇಳಿ ಅಂದೆ: "ಸದ್ದು ಸರಿ ಇಲ್ಲ ಅನ್ನಿಸ್ತಿದೆ, ಅಳೆದು ನೋಡೋಣ." ಎಷ್ಟೋ ವರ್ಷ ಆ ಕೆಲಸದಲ್ಲಿ ಪಳಗಿದ ಕಿವಿ ಅದು, ಅದಕ್ಕೆ ನಾಚಬೇಕಾಗಿಲ್ಲ.

ತಮ್ಮನ ಡೈರಿಯಲ್ಲಿ ಕಂಡದ್ದು ಬೇರೆ. ಒಬ್ಬರೇ ಇದ್ದಾಗ ಅವರು ಎಲ್ಲವನ್ನೂ ಚೆನ್ನಾಗಿ ತೂಗಿ ನೋಡುತ್ತಾರೆ. ಮನೆಯವರು ಎದುರಿಗಿದ್ದಾಗ ಮಾತ್ರ "ಅಕ್ಕ ಹೇಳಿದ ಹಾಗೆ". ಅವರಿಗೆ ಕೊಟ್ಟ ಕೆಲಸ, ಅಪ್ಪನ ಮುಂದಿನ ತಪಾಸಣೆಗೆ ನೋಟ್‌ಬುಕ್ ನೀವು ಹಿಡಿಯಿರಿ. ಅಕ್ಕ ಅಪ್ಪನ ಪಕ್ಕ ಕೂರಲಿ, ಪೆನ್ನಿಲ್ಲದೆ, ಡಾಕ್ಟರ್ ಕರೆಯುವ ತನಕ. ಮೊದಲ ಸಲ ವಸುಧಾಗೆ ಇದು ತುಂಬಾ ಕಷ್ಟವಾಯಿತು. ಕೈಯನ್ನು ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ ಅಂದರು. ಇಪ್ಪತ್ತು ನಿಮಿಷದಲ್ಲಿ ಅಪ್ಪ ಆಡಿದ್ದು ಎರಡೇ ಮಾತಂತೆ.

ಭಾವನೆ ಹೇಳಿಕೊಳ್ಳಬೇಕು ಅಂತ ನಾನು ಮತ್ತೆ ಹೇಳಲೇ ಇಲ್ಲ. ಅಳು ಬಂದರೆ ಬರಲಿ, ಬರದಿದ್ದರೆ ಅದನ್ನು ಪ್ರೀತಿಯ ಅಳತೆ ಮಾಡಿಕೊಳ್ಳಬೇಡಿ ಅಂದೆ. ತಮ್ಮನಿಗೂ ಅದೇ ಮಾತನ್ನು ತಿರುಗಿಸಿ ಹೇಳಿದೆ.

ಚಿಕ್ಕಮ್ಮನಿಗೆ ಏನು ಹೇಳುವುದು ಅಂತ ಒಂದು ಭೇಟಿ ಪೂರ್ತಿ ಮಾತಾಡಿದೆವು. ವಸುಧಾ ಮೊದಲು ಬರೆದು ತಂದದ್ದು ಒಂದು ಪುಟದಷ್ಟು ವಾದ, ಅಂಶ ಅಂಶವಾಗಿ, ನಾನು ಹೇಳಿದ್ದ ಇಸವಿಗಳನ್ನೂ ಸೇರಿಸಿ. ಇದು ನಿಜ, ಆದರೆ ಚಿಕ್ಕಮ್ಮ ಇದನ್ನು ಕೇಳಿಸಿಕೊಳ್ಳುತ್ತಾರಾ ಅಂದೆ. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು ಇಷ್ಟು: "ಚಿಕ್ಕಮ್ಮ, ಆವತ್ತು ನಂಗೂ ತುಂಬಾ ಭಯ ಆಗಿತ್ತು. ಭಯ ಆದಾಗ ನಾನು ಬರೀತೀನಿ." ಹೇಳಿದರು. ಚಿಕ್ಕಮ್ಮ ಉತ್ತರ ಕೊಡಲಿಲ್ಲವಂತೆ, ಆದರೆ ಆ ಮಾತು ಮತ್ತೆ ಎತ್ತಲೂ ಇಲ್ಲ.

ಆಪ್ತಸಲಹೆ ಮಾಡುವ ಗೆಳೆಯರಿಗೆ ಒಂದು ವಿನಂತಿ. ಯಾರಿಗಾದರೂ 'ನೀವು ಸ್ವಲ್ಪ ಮೃದು ಆಗಿ' ಅಂತಲೋ 'ನೀವು ಸ್ವಲ್ಪ ಗಟ್ಟಿ ಆಗಿ' ಅಂತಲೋ ಹೇಳುವ ಮುಂಚೆ, ಇದೇ ಸಮಸ್ಯೆ ಹೇಳಿಕೊಂಡು ಬಂದವರು ಗಂಡಾಗಿದ್ದರೆ, ಅಥವಾ ಹೆಣ್ಣಾಗಿದ್ದರೆ, ನನ್ನ ಬಾಯಿಂದ ಇದೇ ಸಲಹೆ ಬರುತ್ತಿತ್ತಾ ಅಂತ ಒಂದು ನಿಮಿಷ ಯೋಚಿಸಿ. ನಾನು ಈಗ ಇದನ್ನು ಪ್ರತಿ ಪ್ರಕರಣದ ಹಾಳೆಯ ಮೇಲ್ಗಡೆಯೇ ಬರೆದಿಟ್ಟುಕೊಳ್ಳುತ್ತೇನೆ.

ಒಟ್ಟು ಒಂಬತ್ತು ಭೇಟಿಗಳಾದವು. ಆರನೆಯದರ ಹೊತ್ತಿಗೆ ವಸುಧಾ ನಿದ್ದೆ ಸರಿಯಾಗಿತ್ತು. ಅಪ್ಪ ಈಗಲೂ ಫೋನಿನಲ್ಲಿ "ನನ್ನ ಮಗ ಇದ್ದ ಹಾಗೆ" ಅನ್ನುತ್ತಾರಂತೆ, ಅದಕ್ಕೆ ಇವರು ಏನೂ ಹೇಳಿಲ್ಲ, ಹೇಳಬೇಕೋ ಬೇಡವೋ ಅಂತ ಇನ್ನೂ ನಿರ್ಧಾರ ಮಾಡಿಲ್ಲ. ಅವಸರ ಇಲ್ಲ ಅಂದಿದ್ದೇನೆ. ತಮ್ಮ ಈಗ ತಮ್ಮದೇ ವಿಷಯಕ್ಕೆ ಇನ್ನೊಬ್ಬ ಆಪ್ತಸಲಹೆಗಾರರ ಹತ್ತಿರ ಹೋಗುತ್ತಿದ್ದಾರೆ. ಕೊನೆಯ ಭೇಟಿಗೆ ವಸುಧಾ ನೋಟ್‌ಬುಕ್ ತಂದಿರಲಿಲ್ಲ. ಯಾಕೆ ಅಂತ ಕೇಳಿದೆ. ನಾಳೆ ಅಪ್ಪನ ತಪಾಸಣೆ ಇದೆ, ಅದು ತಮ್ಮನ ಹತ್ತಿರ ಇದೆ, ಅವನು ಈಗ ನಾಲ್ಕನೇ ಕಾಲಂ ಒಂದು ಹಾಕಿದ್ದಾನೆ, 'ಅಪ್ಪ ಹೇಳಿದ್ದು' ಅಂತ, ಗೆರೆ ಮಾತ್ರ ಸೊಟ್ಟ ಅಂದರು.